ಗಜನಿ, ಬಸದಿ, ಬಂದರು: ಅಘನಾಶಿನಿ–ಶರಾವತಿ ನಾಡಿನ ಮಧ್ಯಯುಗ

ಮಧ್ಯಯುಗವೆಂಬ ಹೆಸರು ಯುರೋಪಿನ ಇತಿಹಾಸಕಾರರಿಂದ ಬಂದದ್ದು. ಕ್ರಿ.ಶ. 476ರಲ್ಲಿ ಪಶ್ಚಿಮ ರೋಮ್ ಸಾಮ್ರಾಜ್ಯದ ಕೊನೆಯ ಚಕ್ರವರ್ತಿ ಪದಚ್ಯುತನಾದ ಮೇಲೆ ಆ ನೆಲದಲ್ಲಿ ಫ್ರಾಂಕ್, ಗಾಥ್, ಲೊಂಬಾರ್ಡ್ ಮುಂತಾದ ಜನಾಂಗಗಳ ಅರಸರು ತಲೆಯೆತ್ತಿದರು. ಕ್ರೈಸ್ತ ಮಠಗಳು ಅವರಿಂದ ಭೂದಾನ ಪಡೆದು ಬೆಳೆದವು. ಲ್ಯಾಟಿನ್ ಭಾಷೆಯ ಮಗ್ಗುಲಲ್ಲೇ ಆಡುನುಡಿಗಳು ಬರವಣಿಗೆಗೆ ಇಳಿದವು. ಸುಮಾರು ಐನೂರು ವರ್ಷಗಳ ಈ ಅವಧಿಯನ್ನು ವಿದ್ವಾಂಸರು ಆದಿ ಮಧ್ಯಯುಗ ಎಂದು ಕರೆಯುತ್ತಾರೆ. ಸಣ್ಣ ಅರಸುಮನೆಗಳ ಹುಟ್ಟು, ಧಾರ್ಮಿಕ ಸಂಸ್ಥೆಗಳ ನೆಲೆಗೊಳ್ಳುವಿಕೆ ಮತ್ತು ದೇಶಭಾಷೆಯ ಏಳಿಗೆ ಎಂಬ ಈ ಮೂರು ಬೆಳವಣಿಗೆಗಳು ಯುರೋಪಿಗಷ್ಟೇ ಸೇರಿದವಲ್ಲ. ಸರಿಸುಮಾರು ಅದೇ ಶತಮಾನಗಳಲ್ಲಿ ಮೊದಲಾಗಿ 17ನೆಯ ಶತಮಾನದ ಆರಂಭದವರೆಗೂ ಅವು ಇಂದಿನ ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ, ಸಹ್ಯಾದ್ರಿಗೂ ಕಡಲಿಗೂ ನಡುವಿನ ಕಿರಿದಾದ ನೆಲಪಟ್ಟಿಯಲ್ಲಿ ನಡೆದುವು.

ಆದರೆ ಒಂದು ಮುಖ್ಯ ವ್ಯತ್ಯಾಸವುಂಟು. ಪಶ್ಚಿಮ ಯುರೋಪಿನಲ್ಲಿ ಒಡೆದುಹೋದ ರಾಜ್ಯಗಳನ್ನು ಒಂದೇ ದಾರದಲ್ಲಿ ಪೋಣಿಸಿದ್ದು ರೋಮಿನ ಚರ್ಚು, ಕ್ರಿ.ಶ. 800ರ ಕ್ರಿಸ್‌ಮಸ್ ದಿನ ಮೂರನೆಯ ಲಿಯೋ ಪೋಪನು ರೋಮ್ ನಗರದಲ್ಲಿ ಷಾರ್ಲಮೇನನ ತಲೆಗೆ ಕಿರೀಟವಿಟ್ಟ ಘಟನೆ ಅದರ ಸಂಕೇತ. ಈ ಕರಾವಳಿಯಲ್ಲಿ ಅಂಥ ಏಕೈಕ ಧರ್ಮಪೀಠ ಎಂದೂ ಇರಲಿಲ್ಲ. ಬೌದ್ಧ ವಿಹಾರ, ಶಿವಕ್ಷೇತ್ರ, ಜೈನ ಬಸದಿ, ವೈಷ್ಣವ ದೇಗುಲ ಮತ್ತು ಮಸೀದಿ ಬೇರೆ ಬೇರೆ ಕಾಲಗಳಲ್ಲಿ ಬೇರೂರಿ, ಹಲವು ಅಕ್ಕಪಕ್ಕದಲ್ಲೇ ಉಳಿದವು. ಅವನ್ನೆಲ್ಲ ಕೂಡಿಸಿದ್ದು ಘಟ್ಟದ ಮೆಣಸನ್ನು ಕಡಲಿಗೆ ಇಳಿಸುತ್ತಿದ್ದ ಹೊಳೆಗಳು, ಆ ಹೊಳೆಗಳ ಅಳಿವೆಗಳಲ್ಲಿ ಬೆಳೆದ ಬಂದರುಗಳು.

ಹಿರೇಗುತ್ತಿಯ ತಾಮ್ರಪಟ

ಕದಂಬರ ರಾಜಧಾನಿ ಬನವಾಸಿ ಇಂದಿನ ಶಿರಸಿ ತಾಲ್ಲೂಕಿನಲ್ಲಿ, ಘಟ್ಟದ ಮೇಲಿದೆ. 4ನೆಯ ಶತಮಾನದ ನಡುವೆ ಮಯೂರಶರ್ಮನು ಆ ರಾಜ್ಯವನ್ನು ಕಟ್ಟಿದ ನಂತರ ಘಟ್ಟದ ಕೆಳಗಿನ ನೆಲದಲ್ಲಿ ಗೋವೆಯ ಕಡೆಯ ಭೋಜರು, ಅವರೊಂದಿಗೆ ಕೈಕೇಯರು ಎಂಬ ಸಣ್ಣ ಅರಸುಮನೆಗಳು ಕಾಣಿಸಿಕೊಳ್ಳುತ್ತವೆ. ಕುಮಟಾ ತಾಲ್ಲೂಕಿನ ಹಿರೇಗುತ್ತಿಯಲ್ಲಿ ದೊರೆತ, ಲಿಪಿಯ ಆಧಾರದಿಂದ 5 ಅಥವಾ 6ನೆಯ ಶತಮಾನದ್ದೆಂದು ಎಣಿಸಲಾದ ತಾಮ್ರಪಟವೊಂದು ಈ ಕಾಲದ ಅಮೂಲ್ಯ ದಾಖಲೆಯಾಗಿದೆ. ಭೋಜ ಅರಸ ಅಸಂಕಿತನು, ಕೈಕೇಯ ಕುಲದ ಕೊಟ್ಟಿಪೆಗ್ಗಿಲಿಯ ಕೋರಿಕೆಯ ಮೇರೆಗೆ, ದೀಪಕ ವಿಷಯದ ಸುಂದರಿಕಾ ಎಂಬ ಹಳ್ಳಿಯನ್ನು ಬೌದ್ಧ ವಿಹಾರದ ಆರ್ಯಸಂಘಕ್ಕೆ ದತ್ತಿ ಬಿಟ್ಟದ್ದನ್ನು ಅದು ದಾಖಲಿಸುತ್ತದೆ. ವಿಷಯವೆಂದರೆ ಆ ಕಾಲದ ಆಡಳಿತ ವಿಭಾಗ, ಇಂದಿನ ತಾಲ್ಲೂಕು ಅಥವಾ ಜಿಲ್ಲೆಯಂಥದು. ಈ ಪಟದ ಮಹತ್ವ ಎರಡು ಬಗೆಯದು. ಇಂದು ಬೌದ್ಧ ಧರ್ಮದ ನೆನಪೂ ಜನಮನದಲ್ಲಿ ಉಳಿಯದ ಈ ಕರಾವಳಿಯಲ್ಲಿ ಆಗ ಸಂಘಕ್ಕೆ ಹಳ್ಳಿಯನ್ನೇ ಕೊಡುವಷ್ಟು ಮನ್ನಣೆ ಇತ್ತೆಂಬುದು ಒಂದು; ಅರಸನ ದಾನಕ್ಕೆ ಸ್ಥಳೀಯ ಪ್ರಮುಖನ ಕೋರಿಕೆ ಕಾರಣವಾಗುತ್ತಿದ್ದ, ಅಂದರೆ ಅಧಿಕಾರವು ಮೇಲಿನಿಂದ ಇಳಿಯುವಷ್ಟೇ ಕೆಳಗಿನಿಂದಲೂ ರೂಪುಗೊಳ್ಳುತ್ತಿದ್ದ ವ್ಯವಸ್ಥೆ ಇನ್ನೊಂದು.

ಇದೇ ಕಾಲಕ್ಕೆ ಯುರೋಪಿನಲ್ಲಿ ಫ್ರಾಂಕ್ ಅರಸ ಕ್ಲೋವಿಸನು ಕ್ರೈಸ್ತ ದೀಕ್ಷೆ ಪಡೆದಿದ್ದನು. 6ನೆಯ ಶತಮಾನದಲ್ಲಿ ಇಟಲಿಯ ಮಾಂಟೆ ಕ್ಯಾಸಿನೊದಲ್ಲಿ ಸಂತ ಬೆನೆಡಿಕ್ಟನು ಪ್ರಾರ್ಥನೆ ಮತ್ತು ದುಡಿಮೆಗಳನ್ನು ಬೆಸೆದ ಮಠಜೀವನದ ನಿಯಮಾವಳಿಯನ್ನು ರೂಪಿಸಿದ್ದನು. ಅಲ್ಲಿ ದೀಕ್ಷೆ ಪಡೆದ ಅರಸನ ಧರ್ಮವೇ ಕ್ರಮೇಣ ರಾಜ್ಯದ ಧರ್ಮವಾಯಿತು. ಇಲ್ಲಿನ ರೂಢಿ ಬೇರೆ. ಕದಂಬ ಮೃಗೇಶವರ್ಮನ ದೇವಗಿರಿ ತಾಮ್ರಪಟದ ಪ್ರಕಾರ ಕಾಲವಂಗವೆಂಬ ಒಂದೇ ಹಳ್ಳಿಯನ್ನು ಮೂರು ಪಾಲು ಮಾಡಿ ಜಿನಾಲಯಕ್ಕೆ, ಶ್ವೇತಪಟ ಸಂಘಕ್ಕೆ ಮತ್ತು ನಿರ್ಗ್ರಂಥ ಸಂಘಕ್ಕೆ ಹಂಚಲಾಯಿತು. ವೈದಿಕ ಯಾಗಗಳನ್ನು ಮಾಡುತ್ತಿದ್ದ ಅರಸುಮನೆಯೇ ಜೈನ ಸಂಘಗಳಿಗೂ ನೆಲ ಕೊಟ್ಟ ಈ ಪದ್ಧತಿಯಲ್ಲಿ ಮುಂದಿನ ಸಾವಿರ ವರ್ಷಗಳ ಕರಾವಳಿಯ ಧರ್ಮನೀತಿಯ ಮೊಳಕೆ ಕಾಣುತ್ತದೆ.

ದಾನವಾಗಿ ದೊರೆಯುತ್ತಿದ್ದ ನೆಲ ಎಂಥದೆಂಬುದೂ ಗಮನಿಸಬೇಕಾದ ಸಂಗತಿ. ಭೋಜರ ಕಾಲದ ತಾಮ್ರಪಟಗಳಲ್ಲಿ 'ಖಜ್ಜಣ' ಎಂಬ ಪದ ಬರುತ್ತದೆ. ಭರತದ ಉಪ್ಪುನೀರು ನುಗ್ಗುವ ಅಳಿವೆಯ ಜೌಗು ನೆಲಕ್ಕೆ ಮಣ್ಣಿನ ಕಟ್ಟೆ ಹಾಕಿ, ತೂಬಿನ ಮೂಲಕ ನೀರನ್ನು ಹತೋಟಿಯಲ್ಲಿಟ್ಟು ಸಾಗುವಳಿಗೆ ತಂದ ಭೂಮಿಯದು. ಗೋವೆಯಲ್ಲಿ ಅದನ್ನು ಇಂದಿಗೂ ಖಾಜನ್ ಎನ್ನುತ್ತಾರೆ, ಅಘನಾಶಿನಿಯ ದಡದಲ್ಲಿ ಅದೇ ಗಜನಿ. ಮಾಣಿಕಟ್ಟಾ ಸುತ್ತಿನ ಗಜನಿಯಲ್ಲಿ ಮಳೆಗಾಲ ಉಪ್ಪನ್ನು ತೊಳೆದ ಮೇಲೆ ಬಿತ್ತುವ ಕಗ್ಗ ಭತ್ತ ಉಪ್ಪುನೀರನ್ನೂ ನೆರೆಯನ್ನೂ ತಾಳಿಕೊಳ್ಳುವ ತಳಿ. ಯುರೋಪಿನ ಮಠಗಳು ಕಾಡು ಕಡಿದು, ಜೌಗು ಬಸಿದು ಹೊಲ ಮಾಡಿದಂತೆ, ಈ ಕರಾವಳಿಯ ಮೊದಲ ಅರಸುಮನೆಗಳ ಬಲಕ್ಕೂ ಕಡಲಿನಿಂದ ಗೆದ್ದುಕೊಂಡ ಇಂಥ ನೆಲವೇ ಆಧಾರವಾಯಿತು. ಆ ದುಡಿಮೆಗಾರರ ಹೆಸರುಗಳನ್ನು ಯಾವ ಶಾಸನವೂ ಕೆತ್ತಿಲ್ಲವಾದರೂ ಅವರು ರೂಪಿಸಿದ ವಿದ್ಯೆ ಇಂದಿಗೂ ಗಜನಿಗಳಲ್ಲಿ ಬದುಕಿದೆ.

ಹೈವೆ ಐನೂರು ಮತ್ತು ಐದು ಶಿವಕ್ಷೇತ್ರಗಳು

ಬಾದಾಮಿಯ ಚಾಲುಕ್ಯರು, ರಾಷ್ಟ್ರಕೂಟರು ಮತ್ತು ಕಲ್ಯಾಣದ ಚಾಲುಕ್ಯರ ಕಾಲಗಳಲ್ಲಿ ಈ ನಾಡು ದೊಡ್ಡ ಸಾಮ್ರಾಜ್ಯಗಳ ಅಂಚಿನಲ್ಲಿತ್ತು. ಶಾಸನಗಳು ಇದನ್ನು ಹೈವೆ ಐನೂರು ಎಂದು ಕರೆಯುತ್ತವೆ. ನೆರೆಯ ಬನವಾಸಿ ಹನ್ನೆರಡು ಸಾವಿರವಾಗಿತ್ತು. ಈ ಸಂಖ್ಯೆಗಳು ಹಳ್ಳಿಗಳನ್ನೋ ಕಂದಾಯದ ಘಟಕಗಳನ್ನೋ ಸೂಚಿಸುತ್ತವೆಂಬುದು ವಿದ್ವಾಂಸರ ಊಹೆ. ಹೇಗೇ ಇರಲಿ, ಹೈವೆಯು ತನ್ನದೇ ಹೆಸರುಳ್ಳ, ಕಿರಿದಾದರೂ ಬೇರೆಯಾದ ನಾಡೆಂದು ಗುರುತಿಸಲ್ಪಟ್ಟಿತ್ತೆಂಬುದು ಖಚಿತ. ರಾಜಧಾನಿಗಳು ದೂರವಿದ್ದುದರಿಂದ ಆಳ್ವಿಕೆಯ ನಿಜವಾದ ಹೊಣೆ ಸ್ಥಳೀಯ ಒಡೆಯರ ಮೇಲಿತ್ತು.

ನಾಡಿಗೆ ಒಂದು ಭಾವೈಕ್ಯವನ್ನು ಕೊಟ್ಟದ್ದು ಅರಸರಿಗಿಂತ ಹೆಚ್ಚಾಗಿ ತೀರ್ಥಕ್ಷೇತ್ರ. ಕುಮಟಾ ತಾಲ್ಲೂಕಿನ ಗೋಕರ್ಣವು ಮಹಾಭಾರತದಲ್ಲಿಯೂ ಕಾಳಿದಾಸನ ರಘುವಂಶದಲ್ಲಿಯೂ ಉಲ್ಲೇಖಗೊಂಡ ಪ್ರಾಚೀನ ಶಿವಸ್ಥಾನ. ರಾವಣನು ಕೈಲಾಸದಿಂದ ತಂದ ಆತ್ಮಲಿಂಗವು ವಟುರೂಪದ ಗಣಪತಿಯ ಉಪಾಯದಿಂದ ಗೋಕರ್ಣದಲ್ಲಿ ನೆಲಸಿತೆಂಬ ಸ್ಥಳಪುರಾಣ ಒಂದೇ ಊರಿನ ಕಥೆಯಾಗಿ ಉಳಿಯಲಿಲ್ಲ. ಸಿಟ್ಟಿನಿಂದ ರಾವಣ ಎಸೆದ ಸಂಪುಟದ ಭಾಗಗಳು ಬಿದ್ದ ಸ್ಥಳಗಳೆಂದು ಕುಮಟೆಯ ಧಾರೇಶ್ವರ, ಹೊನ್ನಾವರದ ಗುಣವಂತೆ, ಭಟ್ಕಳದ ಮುರ್ಡೇಶ್ವರ ಮತ್ತು ಕಾರವಾರದ ಸಜ್ಜೇಶ್ವರಗಳು ಗೋಕರ್ಣದೊಡನೆ ಪಂಚಕ್ಷೇತ್ರಗಳಾದವು. ಹೊಳೆ ಹೊಳೆಗಳ ನಡುವೆ ಹರಿದುಹಂಚಿಹೋಗಿದ್ದ ಊರುಗಳನ್ನು ಒಂದೇ ಕಥೆಯ ಅಂಗಗಳಾಗಿ ಜೋಡಿಸಿದ ಈ ಪುರಾಣವು, ಸಂತರ ಅವಶೇಷಗಳಿರುವ ಇಗರ್ಜಿಗಳಿಗೆ ಯಾತ್ರೆ ಹೊರಡುತ್ತಿದ್ದ ಯುರೋಪಿನ ಜನ ದಾರಿಯ ಮೂಲಕ ನಾಡನ್ನು ಅರಿತಂತೆ, ಕರಾವಳಿಯ ಜನರಿಗೆ ತಮ್ಮ ನೆಲದ ನಕ್ಷೆಯನ್ನೇ ಕಲಿಸಿತು.

ನಗಿರೆ ಮತ್ತು ಹಾಡುವಳ್ಳಿ

14ನೆಯ ಶತಮಾನದಿಂದ ಮುಂದೆ, ವಿಜಯನಗರದ ಅಧೀನದಲ್ಲಿ, ಎರಡು ಜೈನ ಅರಸುಮನೆಗಳು ಈ ನೆಲದ ರಾಜಕೀಯವನ್ನು ರೂಪಿಸಿದವು. ಶರಾವತಿಯ ದಡದ ಗೇರುಸೊಪ್ಪೆಯಿಂದ ಆಳಿದ್ದು ನಗಿರೆ ರಾಜ್ಯ. ಗೇರುಸೊಪ್ಪೆಗೆ ಕ್ಷೇಮಪುರವೆಂಬ ಹೆಸರೂ ಇತ್ತು. ಇಂದಿನ ಭಟ್ಕಳ ತಾಲ್ಲೂಕಿನ ಹಾಡುವಳ್ಳಿ, ಸಂಸ್ಕೃತದಲ್ಲಿ ಸಂಗೀತಪುರ, ಇನ್ನೊಂದು ರಾಜಧಾನಿ. ಮಹಾಮಂಡಲೇಶ್ವರರೆನಿಸಿದ ಈ ಸಾಳುವ ಒಡೆಯರು ಕೆಲವೊಮ್ಮೆ ಬಂಧುಗಳಾಗಿ, ಕೆಲವೊಮ್ಮೆ ಶತ್ರುಗಳಾಗಿ ಬಾಳಿದರು. ಭಟ್ಕಳದ ಸುತ್ತಿನ ವೀರಗಲ್ಲುಗಳು, ಅಂದರೆ ಕಾಳಗದಲ್ಲಿ ಮಡಿದವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು, ಆ ಕಾಲದ ಹೋರಾಟಗಳ ಸಾಕ್ಷಿಗಳಾಗಿವೆ.

ಗೇರುಸೊಪ್ಪೆಯ ನೆಲೆಯೇ ಅದರ ಸಿರಿಯ ಗುಟ್ಟನ್ನು ಹೇಳುತ್ತದೆ. ಹೊನ್ನಾವರದ ಅಳಿವೆಯಿಂದ ದೋಣಿಗಳು ಶರಾವತಿಯಲ್ಲಿ ಗೇರುಸೊಪ್ಪೆಯವರೆಗೆ ಸಾಗಬಲ್ಲವು. ಅಲ್ಲಿಂದ ಮೇಲೆ ಘಟ್ಟದ ಏರು. ಮಲೆನಾಡಿನ ಮೆಣಸು ಹೇರೆತ್ತುಗಳ ಬೆನ್ನಿನಿಂದ ದೋಣಿಗೆ ಇಳಿಯುವ ಆ ತಾಣದಲ್ಲಿ ಸುಂಕ ಎತ್ತುವ ಅರಸ, ಸರಕು ಕೊಳ್ಳುವ ಸೆಟ್ಟಿ ಮತ್ತು ಇಬ್ಬರ ದತ್ತಿಗಳಿಂದ ಬೆಳೆಯುವ ಬಸದಿ ಒಟ್ಟಿಗೆ ನಿಂತರು. ಬಸದಿಯೆಂದರೆ ಜೈನ ದೇವಾಲಯ. ಅಂಬವಣ ಸೆಟ್ಟಿ ಎಂಬ ವರ್ತಕನು ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭವನ್ನು ನಿಲ್ಲಿಸಿದ್ದನ್ನು ಗೇರುಸೊಪ್ಪೆಯ ಶಾಸನ ಹೇಳುತ್ತದೆ. ಯುರೋಪಿನ ಆದಿ ಮಧ್ಯಯುಗದಲ್ಲಿ ಮಠ ಕಟ್ಟಿಸಿದವರು ಮುಖ್ಯವಾಗಿ ಅರಸರು ಮತ್ತು ಭೂಮಾಲೀಕ ಶ್ರೀಮಂತರು. ಇಲ್ಲಿ ಅರಸನಷ್ಟೇ ಮುಂದಾಗಿ ವರ್ತಕನೂ ಧರ್ಮದ ಪೋಷಕನಾದುದು ಬಂದರು ನಾಡಿನ ಲಕ್ಷಣ.

ಗೇರುಸೊಪ್ಪೆಯ ನಗರಬಸ್ತಿಕೇರಿಯ ಚತುರ್ಮುಖ ಬಸದಿ ಆ ಕಾಲದ ಶ್ರೇಷ್ಠ ಕಟ್ಟಡ. ನಾಲ್ಕು ದಿಕ್ಕಿಗೂ ಬಾಗಿಲುಗಳಿದ್ದು, ಎತ್ತಲಿಂದ ಒಳಬಂದರೂ ಗರ್ಭಗೃಹದ ತೀರ್ಥಂಕರನು ಎದುರಾಗುವಂತೆ ಅದನ್ನು ಕಲ್ಲಿನಲ್ಲಿ ರಚಿಸಲಾಗಿದೆ. 1586ರಲ್ಲಿ ಕಾರ್ಕಳದಲ್ಲಿ ಎದ್ದ ಚತುರ್ಮುಖ ಬಸದಿಯೂ ಇದೇ ಕಲ್ಪನೆಯದು. ಭಟ್ಕಳದ ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿ ಮತ್ತು 16ನೆಯ ಶತಮಾನದ ಕೇತಪೈ ನಾರಾಯಣ ದೇವಸ್ಥಾನಗಳಲ್ಲಿ ಇನ್ನೊಂದು ಬಗೆಯ ಜಾಣ್ಮೆ ಕಾಣುತ್ತದೆ. ಮರದ ಮನೆಯ ಇಳಿಜಾರು ಮಾಡು, ಹಲಗೆಯ ಗೋಡೆ, ಜಾಲಂಧ್ರಗಳೆಲ್ಲವನ್ನೂ ಅಲ್ಲಿ ಕಲ್ಲಿನ ಚಪ್ಪಡಿಗಳಲ್ಲಿ ಮೂಡಿಸಲಾಗಿದ್ದು, ಬಡಗಿಯ ವಿದ್ಯೆಯನ್ನು ಕಲ್ಲುಕುಟಿಗನು ಕಲಿತು ಜಡಿಮಳೆಗೆ ಜಗ್ಗದ ದೇಗುಲವನ್ನು ಕಟ್ಟಿದ್ದಾನೆ. ಜೈನ ನಾಯಕನ ಬಸದಿಯೂ ಸಾರಸ್ವತ ವರ್ತಕನ ವಿಷ್ಣುಗುಡಿಯೂ ಒಂದೇ ಶಿಲ್ಪಸಂಪ್ರದಾಯದಲ್ಲಿ ಎದ್ದಿರುವುದು ಧರ್ಮಗಳ ಭೇದದ ಕೆಳಗೆ ಕಸುಬು ಒಂದೇ ಆಗಿತ್ತೆಂಬುದಕ್ಕೆ ಸಾಕ್ಷಿ.

ಉತ್ತರಾಧಿಕಾರದ ಕ್ರಮದಲ್ಲಿಯೂ ಈ ಅರಸುಮನೆಗಳು ಗಮನಾರ್ಹವಾಗಿವೆ. ಕ್ಲೋವಿಸನ ಕಾಲದ ಫ್ರಾಂಕರ ಸ್ಯಾಲಿಕ್ ಕಾನೂನು ಹೆಣ್ಣಿಗೆ ಕುಲದ ಭೂಮಿಯ ಹಕ್ಕನ್ನು ನಿರಾಕರಿಸಿತ್ತು. ಇಲ್ಲಿ ತಾಯಿಯ ಕಡೆಯಿಂದ, ಸೋದರಿಯ ಮಕ್ಕಳಿಗೆ ಪಟ್ಟ ಸಲ್ಲುವ ಅಳಿಯಕಟ್ಟು ನಡೆಯುತ್ತಿತ್ತು. ವಂಶದ ಬೇರು ಹೆಣ್ಣಿನಲ್ಲಿದ್ದುದರಿಂದ ರಾಣಿಯರು ಸ್ವತಃ ಆಳುವುದಕ್ಕೆ ಅವಕಾಶವಿತ್ತು. 16ನೆಯ ಶತಮಾನದ ನಡುವಿನಿಂದ ಸುಮಾರು ಐದು ದಶಕ ಆಳಿದ ಚೆನ್ನಭೈರಾದೇವಿ ಈ ಪರಂಪರೆಯ ಕೊನೆಯ ಮತ್ತು ಅತ್ಯಂತ ಪ್ರಸಿದ್ಧ ಹೆಸರು. ಪೋರ್ಚುಗೀಸರು ಅವಳನ್ನು 'ರೈನಾ ದ ಪಿಮೆಂಟಾ', ಎಂದರೆ ಮೆಣಸಿನ ರಾಣಿ, ಎಂದು ಕರೆದರು. ಅಘನಾಶಿನಿಯ ದಡದ ಮಿರ್ಜಾನ್ ಕೋಟೆಯೊಂದಿಗೆ ಅವಳ ಹೆಸರು ಇಂದಿಗೂ ಬೆಸೆದುಕೊಂಡಿದೆ.

ಬಂದರಿನ ಧರ್ಮ

1342ರ ಸುಮಾರಿಗೆ ಮೊರಾಕೊ ದೇಶದ ಪ್ರವಾಸಿ ಇಬ್ನ್ ಬತೂತ ಹೊನ್ನಾವರಕ್ಕೆ ಬಂದನು. ತಾನು ಹಿನೌರ್ ಎಂದು ಕರೆದ ಈ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗಾಗಿ 13 ಮತ್ತು ಗಂಡುಮಕ್ಕಳಿಗಾಗಿ 23 ಶಾಲೆಗಳಿದ್ದುವೆಂದೂ, ಇಲ್ಲಿನ ಮುಸ್ಲಿಂ ಹೆಂಗಸರು ಕುರ್‌ಆನನ್ನು ಬಾಯಿಪಾಠ ಮಾಡಿದ್ದರೆಂದೂ, ಅವರು ಹೊಲಿಯದ ಬಟ್ಟೆಯನ್ನು ಉಟ್ಟು ಮೂಗಿಗೆ ಚಿನ್ನದ ಆಭರಣ ತೊಡುತ್ತಿದ್ದರೆಂದೂ ಅವನು ಬರೆದಿದ್ದಾನೆ. ಪಟ್ಟಣದ ಒಡೆಯ ಜಮಾಲುದ್ದೀನನು ಹರ್ಯಬ್ ಎಂಬ ಹಿಂದೂ ಅರಸನಿಗೆ ಅಧೀನನಾಗಿದ್ದನು. ಈ ಹರ್ಯಬ್‌ನನ್ನು ವಿಜಯನಗರದ ಹರಿಹರನೆಂದು ಅನೇಕ ವಿದ್ವಾಂಸರು ಗುರುತಿಸುತ್ತಾರೆ. ಅರಬ್ಬಿ ಧರ್ಮಗ್ರಂಥದ ಪಾಠ, ಕರಾವಳಿಯ ಉಡುಗೆ, ದಕ್ಷಿಣದ ಮೂಗುತಿ ಮತ್ತು ಅನ್ಯಧರ್ಮದ ಅಧಿರಾಜ ಎಂಬ ನಾಲ್ಕೂ ಒಂದೇ ಪಟ್ಟಣದಲ್ಲಿ ಸಹಜವಾಗಿ ಕೂಡಿದ್ದವೆಂಬುದು ಈ ಬರಹದ ನಿಜವಾದ ಬೆಲೆ. ಯುರೋಪಿನ ಆದಿ ಮಧ್ಯಯುಗದಲ್ಲಿ ಇಂಥ ಕೂಡುಬಾಳಿಗೆ ಹೋಲಿಕೆ ಹುಡುಕಬೇಕಾದರೆ ಸ್ಪೇನಿನ ಕಾರ್ಡೊಬಾ ನಗರದತ್ತ ನೋಡಬೇಕಾಗುತ್ತದೆ.

ಭಟ್ಕಳದ ನವಾಯತರು ಈ ಇತಿಹಾಸದ ಜೀವಂತ ವಾರಸುದಾರರು. ಅರಬ್ಬೀ ಸಮುದ್ರದಾಚೆಯಿಂದ ಬಂದ ವರ್ತಕರು ಇಲ್ಲಿನವರೊಡನೆ ಬೆಳೆಸಿದ ಸಂಬಂಧದಿಂದ ಹುಟ್ಟಿದ ಈ ಸಮುದಾಯವು ಇಸ್ಲಾಮಿನ ಶಾಫಿ ಪಂಥವನ್ನು ಅನುಸರಿಸುತ್ತದೆ. ಅವರ ನವಾಯತಿ ಭಾಷೆ ಕೊಂಕಣಿಯ ಬುನಾದಿಯ ಮೇಲೆ ಅರಬ್ಬಿ, ಫಾರ್ಸಿ ಪದಗಳನ್ನು ಹೊದ್ದು ಬೆಳೆದದ್ದು. ಹೊರಮುಜ್ ಮತ್ತು ಅರೇಬಿಯದ ಕುದುರೆಗಳು ಭಟ್ಕಳದಲ್ಲಿ ಇಳಿದು ವಿಜಯನಗರದ ದಂಡಿಗೆ ಹೋಗುತ್ತಿದ್ದವು. ಅಕ್ಕಿ, ಸಕ್ಕರೆ, ಕಬ್ಬಿಣ ಇಲ್ಲಿಂದ ಹೊರಟ ಸರಕುಗಳೆಂದು 16ನೆಯ ಶತಮಾನದ ಆರಂಭದಲ್ಲಿ ದುವಾರ್ತೆ ಬಾರ್ಬೋಸ ಬರೆದಿದ್ದಾನೆ. ಅದೇ ಕಾಲದ ಡೊಮಿಂಗೊ ಪಾಯಸ್ ಭಟ್ಕಳದ ದಾರಿಯಲ್ಲಿ ಐದಾರು ಸಾವಿರ ಹೇರೆತ್ತುಗಳ ಸಂಚಾರವನ್ನು ಹೇಳುತ್ತಾನೆ.

ಈ ಕೂಡುಬಾಳನ್ನು ಕಲೆಯಿಲ್ಲದ ಚಿತ್ರವಾಗಿ ಬಣ್ಣಿಸುವುದು ಇತಿಹಾಸಕ್ಕೆ ಬಗೆಯುವ ಅನ್ಯಾಯವಾದೀತು. ಕುದುರೆಗಳನ್ನು ಬಹಮನಿ ಸುಲ್ತಾನರಿಗೆ ಮಾರಿದರೆಂಬ ಕಾರಣಕ್ಕೆ 1469ರ ಸುಮಾರಿಗೆ ವಿಜಯನಗರದ ಅರಸನ ಆಜ್ಞೆಯಂತೆ ಭಟ್ಕಳದ ಮುಸ್ಲಿಂ ವರ್ತಕರ ಭೀಕರ ಹತ್ಯೆ ನಡೆದು, ಉಳಿದವರು ಗೋವೆಗೆ ಓಡಿದರೆಂದು ಪೋರ್ಚುಗೀಸ್ ಮೂಲದ ಬರಹಗಳು ತಿಳಿಸುತ್ತವೆ. ವ್ಯಾಪಾರವು ಕಟ್ಟಿದ ನಂಟನ್ನು ವ್ಯಾಪಾರದ ಪೈಪೋಟಿಯೇ ಕಡಿಯಬಲ್ಲದೆಂಬುದು ಈ ದುರಂತದ ಪಾಠ. ಆದರೂ ಸಮುದಾಯ ಅಳಿಯಲಿಲ್ಲ, ಬಂದರು ಮುಚ್ಚಲಿಲ್ಲ. ಬದುಕು ಮತ್ತೆ ಅದೇ ಅಳಿವೆಯಲ್ಲಿ ಬೇರೂರಿತು.

ನುಡಿಗೆ ದೊರೆತ ಶಾಸ್ತ್ರ

ಕ್ರಿ.ಶ. 842ರಲ್ಲಿ ಷಾರ್ಲಮೇನನ ಮೊಮ್ಮಕ್ಕಳಿಬ್ಬರು ಸ್ಟ್ರಾಸ್‌ಬರ್ಗಿನಲ್ಲಿ ಒಬ್ಬರಿಗೊಬ್ಬರು ಕೊಟ್ಟ ಪ್ರಮಾಣವಚನವು ಫ್ರೆಂಚ್ ಭಾಷೆಯ ಅತಿ ಹಳೆಯ ಲಿಖಿತ ರೂಪವೆಂದು ಎಣಿಕೆಯಾಗಿದೆ. ಅದಕ್ಕೆ ತುಸು ಈಚೆಗೆ, ಸುಮಾರು 850ರಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಕನ್ನಡ ಕಾವ್ಯದ ಲಕ್ಷಣಗಳನ್ನು ಕನ್ನಡದಲ್ಲೇ ನಿರೂಪಿಸಿತು. ಈ ಸಾಹಿತ್ಯ ಪರಂಪರೆಯ ಒಂದು ಕವಲು ಶತಮಾನಗಳ ನಂತರ ಕರಾವಳಿಯ ಜೈನ ಪೀಠಗಳಲ್ಲಿ ಫಲಿಸಿತು. ನಗಿರೆಯ ಸಾಳುವಮಲ್ಲನ ಆಸ್ಥಾನದಲ್ಲಿ ಸಾಳ್ವ ಕವಿಯು ಜೈನ ಸಂಪ್ರದಾಯದ ಭಾರತಕಥೆಯನ್ನೂ ರಸರತ್ನಾಕರವೆಂಬ ಅಲಂಕಾರಗ್ರಂಥವನ್ನೂ ರಚಿಸಿದನು. ಗೇರುಸೊಪ್ಪೆಯ ಅಭಿನವವಾದಿ ವಿದ್ಯಾನಂದನು 1533ರ ಸುಮಾರಿಗೆ ಹಿಂದಿನ ಕವಿಗಳ ಪದ್ಯಗಳನ್ನು ಆರಿಸಿ ಕಾವ್ಯಸಾರವೆಂಬ ಸಂಕಲನ ಮಾಡಿದನು.

ಹಾಡುವಳ್ಳಿಯ ಪೀಠದ ಅಕಲಂಕದೇವನ ಶಿಷ್ಯ ಭಟ್ಟಾಕಲಂಕನು 1604ರಲ್ಲಿ ಮುಗಿಸಿದ ಶಬ್ದಾನುಶಾಸನ ಈ ಪರಂಪರೆಯ ಶಿಖರ. 592 ಸಂಸ್ಕೃತ ಸೂತ್ರಗಳಲ್ಲಿ ಕನ್ನಡ ಭಾಷೆಯ ವ್ಯಾಕರಣವನ್ನು ಕಟ್ಟಿ, ಅದಕ್ಕೆ ತಾನೇ ಭಾಷಾಮಂಜರಿ ಎಂಬ ವೃತ್ತಿಯನ್ನೂ ಮಂಜರೀಮಕರಂದ ಎಂಬ ವ್ಯಾಖ್ಯಾನವನ್ನೂ ಬರೆದ ಈ ವಿದ್ವಾಂಸನು, ದೇಶಭಾಷೆ ಶಾಸ್ತ್ರಕ್ಕೆ ಯೋಗ್ಯವಲ್ಲವೆಂಬ ಆಕ್ಷೇಪಕ್ಕೆ ಕನ್ನಡದಲ್ಲಿ ಹಿಂದೆ ರಚಿತವಾದ ಶಾಸ್ತ್ರಗ್ರಂಥಗಳನ್ನೇ ಎತ್ತಿತೋರಿಸಿ ಉತ್ತರ ಕೊಟ್ಟನು. ಇಂಗ್ಲೆಂಡಿನ ಮಠವಾಸಿ ಆಲ್ಫ್ರಿಕನು ಕ್ರಿ.ಶ. 1000ದ ಸುಮಾರಿಗೆ ಲ್ಯಾಟಿನ್ ವ್ಯಾಕರಣವನ್ನು ತನ್ನ ಆಡುನುಡಿಯಲ್ಲಿ ಬರೆದನು. ಆಡುನುಡಿಯವರು ಶಾಸ್ತ್ರಭಾಷೆಯನ್ನು ಕಲಿಯಲೆಂಬುದು ಅವನ ಉದ್ದೇಶ. ಭಟ್ಟಾಕಲಂಕನ ದಾರಿ ಅದಕ್ಕೆ ತಿರುವುಮುರುವಾದದ್ದು. ಶಾಸ್ತ್ರಭಾಷೆ ಬಲ್ಲವರು ಕನ್ನಡದ ಕಟ್ಟನ್ನು ಅರಿತು ಗೌರವಿಸಲೆಂದು ಅವನು ಅವರದೇ ಭಾಷೆಯಲ್ಲಿ ಬರೆದನು.

ಕಾಡು ಕವಿದ ನಗರ

1502ರಲ್ಲಿ ವಾಸ್ಕೊ ಡ ಗಾಮನು ಭಟ್ಕಳದ ಮೇಲೆ ಎರಗಿ ವರ್ಷವರ್ಷವೂ ಅಕ್ಕಿಯ ಕಪ್ಪ ಕೊಡುವ ಕರಾರನ್ನು ಹೇರಿದನು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಕುದುರೆ ವ್ಯಾಪಾರ ಅತ್ತ ಸರಿಯಿತು. 1542ರಲ್ಲಿ ಭಟ್ಕಳ ಅವರಿಂದ ಸುಲಿಗೆಗೊಳಗಾಯಿತು. 1565ರ ರಕ್ಕಸತಂಗಡಿ ಕಾಳಗದಿಂದ ವಿಜಯನಗರದ ಆಸರೆ ತಪ್ಪಿತು. 1569ರಲ್ಲಿ ಹೊನ್ನಾವರದ ಕೋಟೆಯೂ ಪೋರ್ಚುಗೀಸರ ವಶವಾಯಿತು. ಘಟ್ಟದ ಮೇಲಿನಿಂದ ಬಂದ ಕೆಳದಿಯ ವೆಂಕಟಪ್ಪ ನಾಯಕನು 17ನೆಯ ಶತಮಾನದ ಆರಂಭದಲ್ಲಿ ಗೇರುಸೊಪ್ಪೆಯನ್ನು ಗೆದ್ದನು. 1623ರಲ್ಲಿ ಹೊನ್ನಾವರದಿಂದ ಶರಾವತಿಯ ಮೂಲಕ ಇಕ್ಕೇರಿಗೆ ಹೊರಟ ಇಟಲಿಯ ಪಿಯೆತ್ರೊ ದೆಲ್ಲಾ ವಾಲೆ ಒಂದು ಕಾಲಕ್ಕೆ ಹೆಸರಾಗಿದ್ದ ಗೇರುಸೊಪ್ಪೆಯು ಪಾಳುಬಿದ್ದು ಮರಗಳಿಂದ ಮುಚ್ಚಿಹೋಗಿದ್ದುದನ್ನು ಕಂಡನು. ಮೆಣಸು ಬೇರೆ ದಾರಿ ಹಿಡಿದು, ಸುಂಕದ ಒಡೆತನ ಕೈಬದಲಾದಾಗ, ಹೊಳೆಯಿಂದ ಬದುಕಿದ ನಗರ ಒಂದು ತಲೆಮಾರಿನೊಳಗೆ ಬರಿದಾಗಿತ್ತು.

ಇಲ್ಲಿ ಯುರೋಪಿನೊಡನೆಯ ವ್ಯತ್ಯಾಸ ಮತ್ತೆ ಎದುರಾಗುತ್ತದೆ. ಸ್ವಿಟ್ಜರ್ಲೆಂಡಿನ ಸೇಂಟ್ ಗಾಲ್ ಮಠದಲ್ಲಿ 8 ಮತ್ತು 9ನೆಯ ಶತಮಾನಗಳ ನೂರಾರು ದಾನಪತ್ರಗಳು ಇಂದಿಗೂ ಭದ್ರವಾಗಿವೆ. ಅರಸುಮನೆಗಳು ಅಳಿದರೂ ಒಂದೇ ಚರ್ಚಿನ ಆಡಳಿತ ಮುಂದುವರಿದುದರಿಂದ ಕಾಗದಪತ್ರಗಳನ್ನು ಕಾಯುವವರಿದ್ದರು. ಹಲವು ಧರ್ಮಗಳಿಗೆ ನೆಲ ಕೊಟ್ಟ ಕರಾವಳಿಯಲ್ಲಿ ಎಲ್ಲರ ನೆನಪನ್ನೂ ಒಂದೆಡೆ ಕಾಯುವ ಸಂಸ್ಥೆ ಬೆಳೆಯಲಿಲ್ಲ. ವಿಹಾರದ ದಾನಪತ್ರ ಹಿರೇಗುತ್ತಿಯಲ್ಲಿ, ಸೆಟ್ಟಿಯ ಕೊಡುಗೆಯ ಶಾಸನ ಗೇರುಸೊಪ್ಪೆಯಲ್ಲಿ, ಶಾಲೆಗಳ ಲೆಕ್ಕ ಮೊರಾಕೊ ದೇಶದವನ ಪ್ರವಾಸಕಥನದಲ್ಲಿ, ವ್ಯಾಕರಣ ತಾಳೆಗರಿಯಲ್ಲಿ, ಹೀಗೆ ನಾಡಿನ ನೆನಪು ಚದುರಿಹೋಗಿದೆ. ಬಹುತ್ವಕ್ಕೆ ಈ ನಾಡು ತೆತ್ತ ಬೆಲೆ ಇದು.

ಆದ್ದರಿಂದ ಇಲ್ಲಿನ ಪ್ರತಿಯೊಂದು ಕುರುಹಿಗೂ ಹೆಚ್ಚಿನ ತೂಕವಿದೆ. ಶರಾವತಿಯ ಕಾಡಂಚಿನಲ್ಲಿ ಪಾಚಿ ಹಿಡಿದ ಶಾಸನಕಲ್ಲು, ಭಟ್ಕಳದ ತೋಟದ ಬದಿಯಲ್ಲಿ ವಾಲಿದ ವೀರಗಲ್ಲು, ನವಾಯತಿ ಮನೆಮಾತಿನಲ್ಲಿ ಉಳಿದ ಹಳೆಯ ಪದ, ಕಗ್ಗದ ಬೀಜವನ್ನು ಕೈಬಿಡದ ಗಜನಿಯ ರೈತ, ಇವೇ ಈ ನಾಡಿನ ದಾಖಲೆಮನೆ. ಸೇಂಟ್ ಗಾಲ್‌ನಲ್ಲಿ ಸನ್ಯಾಸಿಗಳು ಮಾಡಿದ ಕಾವಲಿನ ಕೆಲಸ ಇಲ್ಲಿ ಮೂರು ತಾಲ್ಲೂಕುಗಳ ಜನರ ಪಾಲಿಗೆ ಬಂದಿದೆ. ಒಂದು ಕಲ್ಲು ಅಡಿಪಾಯದ ಮಣ್ಣಿಗೆ ಸೇರಿದರೆ, ಒಂದು ಗಜನಿಯ ಕಟ್ಟೆ ಒಡೆದು ಹಾಳುಬಿದ್ದರೆ, ಅದರ ಪ್ರತಿ ಇನ್ನೆಲ್ಲೂ ಸಿಗುವುದಿಲ್ಲ.